ತಾಂಬೂಲದಲ್ಲಿದ್ದ ಚೆಕ್ಕು

ಬಾಣಂತನಕ್ಕೆ ಕೂಲಿ ಮಾತಾಡಬಾರದು ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಆಸ್ಟಿನ್‌ನಿಂದ ಪರಿಚಯವಿಲ್ಲದ ಹುಡುಗಿಯೊಬ್ಬಳು ಫೋನ್ ಮಾಡಿದಾಗ ನಾನೂ ಕೂಲಿಯ ಮಾತೆತ್ತಲಿಲ್ಲ. ಅವಳ ತಾಯಿಗೆ ವೀಸಾ ಸಿಕ್ಕಿರಲಿಲ್ಲ, ಹೆರಿಗೆಗೆ ಎರಡು ವಾರವೂ ಉಳಿದಿರಲಿಲ್ಲ. ಡಲ್ಲಾಸಿನ ದೇವಸ್ಥಾನದಲ್ಲಿ ಪರಿಚಯವಾದವರೊಬ್ಬರು ನನ್ನ ನಂಬರ್ ಕೊಟ್ಟಿದ್ದರಂತೆ. ನಲವತ್ತು ದಿನ ಬಂದು ಇರುತ್ತೀರಾ ಆಂಟಿ ಎಂದು ಕೇಳಿದಳು. ಬರುತ್ತೇನೆ ಎಂದೆ. ನಿಜ ಹೇಳಬೇಕೆಂದರೆ, ಯಾರಾದರೂ ಹೀಗೆ ಕರೆಯಲಿ ಎಂದು ನಾಲ್ಕು ವರ್ಷದಿಂದ ಕಾಯುತ್ತಿದ್ದೆ.

ನಾನಿರುವುದು ಡಲ್ಲಾಸಿನಾಚೆ, ಮರ್ಫಿಯ ಹತ್ತಿರ, ಕಡಿಮೆ ಆದಾಯದ ವಯಸ್ಸಾದವರಿಗೆಂದು ಕಟ್ಟಿಸಿದ ಅಪಾರ್ಟ್‌ಮೆಂಟಿನಲ್ಲಿ. ನನ್ನ ಗಂಡ ಹ್ಯೂಸ್ಟನ್ನಿನ ಹೋಟೆಲೊಂದರಲ್ಲಿ ಇಪ್ಪತ್ತು ವರ್ಷ ದೋಸೆ ಹುಯ್ದರು. ಸಂಬಳ ಕೈಗೆ ಬರುತ್ತಿತ್ತು, ಸರ್ಕಾರದ ಪುಸ್ತಕಕ್ಕೆ ಏರುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಅವರು ತೀರಿಹೋದ ಮೇಲೆ ಗೊತ್ತಾಯಿತು, ನಮಗೆ ಪಿಂಚಣಿಯೇ ಇಲ್ಲ. ಮಕ್ಕಳೂ ಇಲ್ಲ. ಸಿಟಿಜನ್ ಆಗಿದ್ದೊಂದು ಪುಣ್ಯ. ಆದಾಯವಿಲ್ಲದ ಮುದುಕರಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ಸಹಾಯಧನ ಬರುತ್ತದೆ, ಅದರ ಜೊತೆಗೆ ಡಾಕ್ಟರಿಗೂ ಔಷಧಿಗೂ ಆಗುವ ಒಂದು ಕಾರ್ಡು. ನನ್ನ ಇನ್ಸುಲಿನ್ ಆ ಕಾರ್ಡಿನ ಮೇಲೆ ನಡೆಯುತ್ತದೆ. ಕಾರ್ಡು ಹೋದರೆ ನಾನೂ ಹೋದ ಹಾಗೆಯೇ. ಇನ್ನು ಮಾತುಕತೆ ಎಂದರೆ, ಕನ್ನಡ ಮಾತಾಡಬೇಕೆನಿಸಿದಾಗ ಸೀದ ಒಗ್ಗರಣೆಗೆ ಬೈಯುವುದು, ಅಷ್ಟೇ.

ಹೆರಿಗೆಯಾಯಿತೆಂದು ತಿಳಿದ ಕೂಡಲೇ ಬಸ್ಸಿನಲ್ಲಿ ಆಸ್ಟಿನ್‌ಗೆ ಹೋದೆ. ಅವರ ಮನೆ ದ ಡೊಮೇನ್ ಎಂಬ ದೊಡ್ಡ ಶಾಪಿಂಗ್ ಮಾಲಿನ ಹಿಂದೆ, ಮೂರನೇ ಮಹಡಿಯಲ್ಲಿ. ಮೊದಲ ದಿನ ಮಗುವಿಗೆ ಸಾಂಬ್ರಾಣಿ ಹಾಕಿದ್ದಕ್ಕೆ ಚಾವಣಿಯ ಅಲಾರಂ ಬಡಿದುಕೊಂಡಿತು, ಹುಡುಗಿಯ ಗಂಡ ಲ್ಯಾಪ್‌ಟಾಪ್ ಕೈಯಲ್ಲೇ ಹಿಡಿದುಕೊಂಡು ಓಡಿಬಂದ. ಮರುದಿನದಿಂದ ಹೊಗೆಯೆಲ್ಲ ಬಾಲ್ಕನಿಯಲ್ಲಿ. ಬೆಳಿಗ್ಗೆ ಬಾಣಂತಿಗೆ ಎಣ್ಣೆ ತಿಕ್ಕಿ, ಬಿಸಿನೀರು ಹುಯ್ದು, ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪಿನ ಪಲ್ಯ. ಆಮೇಲೆ ಸ್ನಾನದ ಮನೆಯಲ್ಲಿ ಕಾಲು ನೀಡಿ ಕೂತು, ಮಗುವನ್ನು ಕಾಲಮೇಲೆ ಮಲಗಿಸಿಕೊಂಡು ಎರೆಯುತ್ತಿದ್ದೆ. ಮಂಡಿ ನೋಯುತ್ತಿತ್ತು. ನೋಯಲಿ ಬಿಡು ಎನ್ನಿಸುವಷ್ಟು ಸಂತೋಷವೂ ಇತ್ತು. ನೀರು ಬಿದ್ದ ಮಗು ನನ್ನನ್ನೇ ದಿಟ್ಟಿಸುತ್ತಿತ್ತು, ನನ್ನನ್ನು ಬಿಟ್ಟು ಇನ್ಯಾರನ್ನೂ ಕಂಡೇ ಇಲ್ಲವೇನೋ ಎಂಬಂತೆ.

ಹೊರಡುವ ದಿನ ಹುಡುಗಿ ನನ್ನನ್ನು ಮಣೆಯ ಮೇಲೆ ಕೂರಿಸಿ ತಾಂಬೂಲ ಕೊಟ್ಟಳು. ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ರವಿಕೆ ಕಣ, ಮಧ್ಯೆ ಮಡಿಸಿಟ್ಟ ಚೆಕ್ಕು. ಗಂಡ ಸತ್ತವಳಿಗೆ ತಾಂಬೂಲ ಯಾರು ಕೊಡುತ್ತಾರೆ? ಡಲ್ಲಾಸಿನಲ್ಲಿ ನವರಾತ್ರಿಗೆ ಗೊಂಬೆ ನೋಡಲು ಹೋದಾಗ ತಟ್ಟೆ ನನ್ನನ್ನು ದಾಟಿ ಪಕ್ಕದವಳಿಗೆ ಹೋಗಿದ್ದನ್ನು ನೋಡಿದ್ದೇನೆ. ಈ ಹುಡುಗಿ ಅದನ್ನೆಲ್ಲ ಯೋಚಿಸಲೇ ಇಲ್ಲ, ನನ್ನ ಕಾಲಿಗೆ ಬಿದ್ದಳು. ನನಗೆ ಅಳು ತಡೆಯಲಾಗಲಿಲ್ಲ. ಚೆಕ್ಕಿನಲ್ಲಿ ಸಾವಿರದ ಐನೂರ ಒಂದು ಡಾಲರ್ ಇತ್ತು.

ಯಾವ ಹಣ ಬಂದರೂ ಮುಂದಿನ ತಿಂಗಳ ಹತ್ತರೊಳಗೆ ಸಹಾಯಧನದ ಆಫೀಸಿಗೆ ತಿಳಿಸಬೇಕು. ನಾನು ನಿಯತ್ತಿನವಳು, ಫೋನ್ ಮಾಡಿದೆ. ದುಡಿದದ್ದೋ ಉಡುಗೊರೆಯೋ ಎಂದು ಆ ಕಡೆಯವನು ಕೇಳಿದ. ಉಡುಗೊರೆ ಎಂದೆ, ಸ್ವಲ್ಪ ಜಂಬದಿಂದಲೇ. ಕೂಲಿ ಎನ್ನಲು ನಾಲಿಗೆ ಬರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೂರು ವಾರಕ್ಕೆ ಕಾಗದ ಬಂತು. ಆ ತಿಂಗಳ ಸಹಾಯಧನ ನನಗೆ ಸಲ್ಲುವುದಿಲ್ಲ, ವಾಪಸ್ ಕಟ್ಟಬೇಕು. ಔಷಧಿಯ ಕಾರ್ಡಿಗೆ ನಾನು ಅರ್ಹಳೋ ಅಲ್ಲವೋ ಎಂಬುದನ್ನೂ ಮತ್ತೆ ನೋಡುತ್ತಾರೆ.

ಫ್ರಿಜ್ಜಿನಲ್ಲಿ ಎರಡು ಇನ್ಸುಲಿನ್ ಪೆನ್ ಉಳಿದಿದ್ದವು. ಟೋಕನ್ ಹಿಡಿದು ಆಫೀಸಿನಲ್ಲಿ ಅರ್ಧ ದಿನ ಕೂತೆ. ಕಿಟಕಿಯ ಹಿಂದೆ ಇದ್ದವಳು ನನ್ನದೇ ವಯಸ್ಸಿನ ಹೆಂಗಸು, ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. ನನ್ನ ಅಡುಗೆಮನೆ ಇಂಗ್ಲಿಷನ್ನು ತಾಳ್ಮೆಯಿಂದ ಕೇಳಿಸಿಕೊಂಡಳು. ಆಮೇಲೆ ಚೆಕ್ಕಿನ ನಕಲಿನ ಮೇಲೆ ಬೆರಳಿಟ್ಟು, ಈ ಕೊನೆಯ ಒಂದು ಡಾಲರ್ ಯಾಕೆ ಎಂದು ಕೇಳಿದಳು. ಶುಭಕ್ಕೆ ಕೊಡುವ ದುಡ್ಡನ್ನು ಸೊನ್ನೆಗೆ ನಿಲ್ಲಿಸಬಾರದು, ಒಂದು ಸೇರಿಸಿದರೆ ಸಂಬಂಧ ಮುಂದುವರಿಯುತ್ತದೆ ಎಂದು ಹೇಳಿದೆ. ತಲೆಯಾಡಿಸಿದಳು. ಆ ನಲವತ್ತು ದಿನ ನೀನು ಏನೂ ಮಾಡದೆ ಇದ್ದಿದ್ದರೂ ಇದನ್ನು ಕೊಡುತ್ತಿದ್ದರಾ ಎಂದಳು.

ಅವಳೇ ಬಿಡಿಸಿ ಹೇಳಿದಳು. ಉಡುಗೊರೆಯಾದರೆ ಇಪ್ಪತ್ತು ಡಾಲರ್ ಬಿಟ್ಟು ಉಳಿದಷ್ಟನ್ನೂ ಸಹಾಯಧನದಿಂದ ಕಳೆಯುತ್ತಾರೆ, ಆಗ ಕೈಗೆ ಏನೂ ಬರುವುದಿಲ್ಲ. ದುಡಿಮೆಯಾದರೆ ಸುಮಾರು ಅರ್ಧ ಮಾತ್ರ ಕಳೆಯುತ್ತಾರೆ, ಸಹಾಯಧನ ಸ್ವಲ್ಪ ಉಳಿಯುತ್ತದೆ, ಅದು ಉಳಿದರೆ ಕಾರ್ಡೂ ಉಳಿಯುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ಇಲ್ಲಿ ಕೆಸರಿನ ಕೈ ತೋರಿಸಿದರೆ ಅರ್ಧ ಮೊಸರು, ಪ್ರೀತಿಯಿಂದ ಬಡಿಸಿದರು ಅಂದರೆ ಅದೂ ಇಲ್ಲ. ಕೆಲಸ ಮಾಡಿಸಿಕೊಂಡವರಿಂದ ಒಂದು ಪತ್ರ ತಾ ಎಂದು ಫಾರಂ ಕೊಟ್ಟಳು.

ಹುಡುಗಿಗೆ ಫೋನ್ ಮಾಡಿದೆ. ಅಷ್ಟೇನಾ ಆಂಟಿ ಎಂದು ಅಂದೇ ಪತ್ರ ಕಳಿಸಿದಳು. ಓದಿ ಎದೆ ತುಂಬಿ ಬಂತು. ಇವರು ನಮ್ಮ ಕೆಲಸದವರಲ್ಲ, ನನ್ನ ತಾಯಿಯ ಸ್ಥಾನದಲ್ಲಿ ನಿಂತವರು, ಹಣ ಕೊಟ್ಟಿದ್ದು ಪ್ರೀತಿಯಿಂದ, ಎಂದು ಬರೆದಿದ್ದಳು. ನನ್ನ ಬಗ್ಗೆ ಯಾರೂ ಅಷ್ಟು ಒಳ್ಳೆಯ ಮಾತು ಬರೆದಿರಲಿಲ್ಲ. ಅದನ್ನು ಕಿಟಕಿಗೆ ಕೊಟ್ಟರೆ ನನ್ನ ಇನ್ಸುಲಿನ್ ನಿಲ್ಲುತ್ತಿತ್ತು.

ಮತ್ತೆ ಫೋನ್ ಮಾಡಿ, ಕೆಲಸಕ್ಕೆ ಇಟ್ಟುಕೊಂಡಿದ್ದೆವು ಎಂದೇ ಬರೆಯಬೇಕಮ್ಮ ಎಂದೆ. ಅವಳಿಗೆ ಬೇಸರವಾಯಿತು, ದನಿಯಲ್ಲೇ ಗೊತ್ತಾಯಿತು. ನಾನು ಕಳಿಸಿದ್ದ ಫಾರಂ ಮುಂದಿಟ್ಟುಕೊಂಡು ಒಂದೊಂದೇ ಸಾಲು ಕೇಳಿದಳು, ನಾನು ಹೇಳಿಕೊಟ್ಟೆ. ಕೆಲಸ: ಬಾಣಂತಿ ಮತ್ತು ಮಗುವಿನ ಆರೈಕೆ. ಅವಧಿ: ನಲವತ್ತು ದಿನ, ತಾತ್ಕಾಲಿಕ. ಕೊನೆಯ ಸಾಲಿಗೆ ಬಂದು ನಿಂತಳು.

"ಕೆಲಸ ಮಾಡಿದವರಿಗೂ ನಿಮಗೂ ಏನು ಸಂಬಂಧ ಅಂತ ಕೇಳಿದ್ದಾರೆ. ಏನಂತ ಬರೀಲಿ ಆಂಟಿ?"

"ಏನೂ ಇಲ್ಲ ಅಂತ ಬರಿ, ಮಗು."

ಬರೆದಳು. ಪೆನ್ನಿನ ಸದ್ದು ಕೇಳಿದಂತಾಯಿತು. ಅದು ನನ್ನ ಭ್ರಮೆಯೂ ಇರಬಹುದು.

ಕಾರ್ಡು ಉಳಿಯಿತು. ಸಹಾಯಧನ ಆ ತಿಂಗಳಿಗೆ ಕಡಿಮೆಯಾಗಿ, ಮತ್ತೆ ಮೊದಲಿನಂತಾಯಿತು. ಹುಡುಗಿ ಹಬ್ಬಕ್ಕೊಂದು ಮೆಸೇಜ್ ಕಳಿಸುತ್ತಿದ್ದಳು. ಮಗುವಿನ ವರ್ಷದ ಹುಟ್ಟುಹಬ್ಬಕ್ಕೆ ಕರೆದೇ ಕರೆಯುತ್ತಾಳೆ ಎಂದು ಒಂದು ಸೀರೆ ಇಸ್ತ್ರಿ ಮಾಡಿಸಿ ಇಟ್ಟಿದ್ದೆ. ಕರೆದಳು ಕೂಡ.

"ಆಂಟಿ, ಎರಡು ದಿನ ಮೊದಲೇ ಬಂದು ಅಡುಗೆಗೆ ನಿಲ್ತೀರಾ? ದಿನಕ್ಕೆ ಎಷ್ಟು ಅಂತ ಈಗಲೇ ಹೇಳ್ಬಿಡಿ, ಲೆಟರ್ ಮೊದಲೇ ರೆಡಿ ಮಾಡಿಡ್ತೀನಿ. ಹೋದ ಸಲದ ಥರ ನಿಮಗೆ ತೊಂದರೆ ಆಗೋದು ಬೇಡ."

ಅವಳ ಮಾತಿನಲ್ಲಿ ತಪ್ಪು ಹುಡುಕಿದರೆ ನನ್ನ ಬಾಯಿಗೆ ಹುಳ ಬೀಳಲಿ. ದಿನಕ್ಕೆ ನೂರು ಎಂದೆ. ಹೋದೆ, ನಲವತ್ತು ಜನಕ್ಕೆ ಬಿಸಿಬೇಳೆಬಾತು, ಒಬ್ಬಟ್ಟು ಮಾಡಿದೆ. ಮಗುವನ್ನು ಎತ್ತಿಕೊಳ್ಳಲು ಹೋದರೆ ಗುರುತು ಸಿಗದೆ ಅತ್ತಿತು. ಇಸ್ತ್ರಿ ಸೀರೆ ಬ್ಯಾಗಿನಲ್ಲೇ ಉಳಿಯಿತು. ಹೊರಡುವಾಗ ಹುಡುಗಿ ಬಾಗಿಲ ತನಕ ಬಂದು ಕವರು ಕೈಗಿಟ್ಟಳು, ಒಳಗೆ ಪತ್ರವೂ ಇದೆ ಆಂಟಿ ಎಂದಳು.

ಬಸ್ಸು ಹೊರಟ ಮೇಲೆ ಕವರು ಬಿಡಿಸಿದೆ. ಪತ್ರ ಸರಿಯಾಗಿತ್ತು, ಕೊನೆಯ ಸಾಲಿನಲ್ಲಿ ನಾನು ಹೇಳಿಕೊಟ್ಟಿದ್ದೇ ಇತ್ತು. ಚೆಕ್ಕು ಇನ್ನೂರು ಡಾಲರಿಗೆ ಇತ್ತು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದೆ. ಕೊನೆಯ ಆ ಒಂದು ಡಾಲರ್ ಇರಲಿಲ್ಲ.