ಹೊಸ್ತಿಲ ಬಿಸಿಲಿನಲ್ಲಿ ಬದನೆಕಾಯಿ ಬಣ್ಣ

ನಮ್ಮ ಮನೆಯಲ್ಲಿ ಸೀರೆಯ ಬಣ್ಣವನ್ನು ಟ್ಯೂಬ್‌ಲೈಟಿನಲ್ಲಿ ನೋಡುವ ಹಾಗಿಲ್ಲ. ಅದು ನಮ್ಮ ಅತ್ತೆಯ ಕಾನೂನು. ಹಿಂದುಗಡೆ ಮಗ್ಗದಿಂದ ಇಳಿದ ಸೀರೆ ನೇರವಾಗಿ ತಲೆಬಾಗಿಲ ಹೊಸ್ತಿಲಿಗೆ ಬರಬೇಕು. ಅಲ್ಲಿ ಬೆಳಗಿನ ಬಿಸಿಲಿಗೆ ಸೆರಗು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ನೋಡಿದ ಮೇಲೇ ಅದು ಹಸಿರೋ ನೀಲಿಯೋ ಎಂದು ತೀರ್ಮಾನ. ಕೊಳ್ಳಲು ಬಂದವರನ್ನೂ ಅತ್ತೆ ಕೈ ಹಿಡಿದು ಹೊಸ್ತಿಲಿಗೆ ಕರೆತರುತ್ತಾರೆ. ದೊಡ್ಡಬಳ್ಳಾಪುರದಲ್ಲಿ ಬಣ್ಣದ ವಿಷಯದಲ್ಲಿ ಒಂದು ಸಲ ಸುಳ್ಳು ಹೇಳಿದರೆ ಆ ಗಿರಾಕಿ ಮತ್ತೆ ನಿಮ್ಮ ಬೀದಿಗೆ ಬರುವುದಿಲ್ಲ.

ಅಂಥ ಮನೆಯ ಸೊಸೆ ನಾನು. ಎಣ್ಣೆಗಪ್ಪು ಮೈ, ದಪ್ಪ ಹುಬ್ಬು, ಕೆನ್ನೆಯ ತುಂಬ ಹಳೆಯ ಮೊಡವೆಗಳು ಬಿಟ್ಟುಹೋದ ಗುಳಿಗಳು. ಕಪ್ಪಾದರೇನು, ಕಸ್ತೂರಿಯಲ್ಲವೇ ಎಂದು ಸಮಾಧಾನ ಹೇಳುವವರನ್ನು ಕಂಡರೆ ಬೈದವರಿಗಿಂತ ಹೆಚ್ಚು ಸಿಟ್ಟು ಬರುತ್ತದೆ ನನಗೆ. ತವರಿನಲ್ಲಿ ಗಾಢ ಬಣ್ಣವೆಲ್ಲ ನನಗೆ ನಿಷೇಧ. "ಬದನೆಕಾಯಿ ಬಣ್ಣ ಉಟ್ರೆ ನಿನ್ನ ಬ್ಯಾಟರಿ ಹಾಕ್ಕೊಂಡು ಹುಡುಕ್ಬೇಕು ಕಣೇ" ಎಂದು ಸೋದರಮಾವ ಒಮ್ಮೆ ಎಲ್ಲರ ಮುಂದೆ ನಕ್ಕಿದ್ದರು. ಆ ಬಣ್ಣವನ್ನೇ ನೇಯುವ ಮನೆಗೆ ಬಂದ ಮೇಲೂ ಅಂಥ ಒಂದು ಸೀರೆಯನ್ನು ನನಗೆಂದು ತೆಗೆದಿಟ್ಟುಕೊಂಡಿರಲಿಲ್ಲ.

ಫೋನಿನಲ್ಲಿ ಲೈವ್ ಮಾಡಿ ಸೀರೆ ಮಾರೋಣ ಎಂದವಳು ನಾನೇ. ಮೊದಲ ದಿನವೇ ಯಾರೋ ಕೆಳಗೆ ಬರೆದರು: "ಸೀರೆ ಸೂಪರ್, ಮಾಡೆಲ್ ಚೇಂಜ್ ಮಾಡಿ." ಜೊತೆಗೆ ನಗುವ ಮುಖಗಳ ಸಾಲು. ನಾನು ಹಲ್ಲುಕಚ್ಚಿಕೊಂಡು ಕೊನೆಯ ಸೀರೆಯವರೆಗೂ ತೋರಿಸಿದೆ, ಆಮೇಲೆ ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಮರುದಿನದಿಂದ ಲೈವ್ ಒಳಕೋಣೆಗೆ ಹೋಯಿತು. ಮುಖಕ್ಕೆ ಎರಡು ಪದರ ಕ್ರೀಮು, ಎದುರಿಗೆ ಉಂಗುರದಂಥ ದೊಡ್ಡ ದೀಪ, ಫೋನಿನಲ್ಲಿ ಫಿಲ್ಟರು. ಅದನ್ನು ಒತ್ತಿದರೆ ಸಾಕು, ಗುಳಿಗಳು ಮಾಯ, ಮೂಗು ಚೂಪು, ನಾನು ಹಾಲಿನಂತೆ ಬೆಳ್ಳಗೆ. ಅಕ್ಕ ಎಷ್ಟು ಚೆಂದ ಎಂದು ಜನ ಬರೆಯತೊಡಗಿದರು. ಸುಳ್ಳೆಂದು ಗೊತ್ತಿದ್ದೂ ಹಿಗ್ಗಿದೆ.

ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂತು. ಆ ಸಲ ಅತ್ತೆ ಹಟ ಹಿಡಿದು ಎಲ್ಲ ಮಗ್ಗದಲ್ಲೂ ಬದನೆಕಾಯಿ ಬಣ್ಣವನ್ನೇ ಹಾಕಿಸಿದ್ದರು. ಹಬ್ಬಕ್ಕೆ ಮುಂಚೆ ಹೋಗದಿದ್ದರೆ ಅಷ್ಟೂ ಸೀರೆ ಬೀರುವಿನಲ್ಲಿ ಕೊಳೆಯಬೇಕು. ಬೆಳ್ಳಗಿದ್ದೇನೆಂಬ ಧೈರ್ಯದಲ್ಲಿ ನಾನೂ ಅದನ್ನು ಹೆಗಲಿಗೆ ಹಾಕಿ ತೋರಿಸಿದೆ. ಬಿಸಿ ಬೋಂಡದ ಹಾಗೆ ಹೋದವು!

ಹೋದ ಹಾಗೆಯೇ ವಾಪಸೂ ಬಂದವು. "ಏನ್ರೀ, ಈರುಳ್ಳಿ ಸಿಪ್ಪೆ ಬಣ್ಣ ಅಂತ ತಗೊಂಡ್ರೆ ಬದನೆಕಾಯಿ ಕಳ್ಸಿದೀರಲ್ಲಾ!" ಎಂದು ಒಬ್ಬರ ಹಿಂದೆ ಒಬ್ಬರು ಫೋನು. ನಾನೂ ನಮ್ಮವರೂ ಸೇರಿ ಫೋನನ್ನು ಬೈದೆವು, ನೆಟ್‌ವರ್ಕನ್ನು ಬೈದೆವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೊನೆಗೆ ಅತ್ತೆ ನನ್ನನ್ನು ಫೋನು ಸಮೇತ ಹೊಸ್ತಿಲಿಗೆ ಎಳೆದುಕೊಂಡು ಹೋಗಿ, "ದಿನಾ ಅದೇನ್ ಒತ್ತುತೀಯೋ ಒತ್ತಮ್ಮ, ನೋಡೋಣ" ಎಂದರು. ಒತ್ತಿದೆ. ಪರದೆಯಲ್ಲಿ ನನ್ನ ಮುಖ ಬೆಳ್ಳಗಾಯಿತು, ಮುಖದ ಜೊತೆಗೇ ಹೆಗಲ ಮೇಲಿನ ಸೀರೆಯೂ ತೆಳುವಾಗಿ ಈರುಳ್ಳಿ ಸಿಪ್ಪೆಯಾಯಿತು.

"ನಿನ್ ಮುಖಕ್ಕೆ ಬಳ್ದಿರೋ ಸುಣ್ಣನ ನಮ್ ಸೀರೆಗೂ ಬಳ್ದಿದೀಯಲ್ಲಮ್ಮಾ!" ಎಂದರು ಅತ್ತೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

ನಮ್ಮವರು ಪಾಪ, ನನಗೆ ನೋವಾಗಬಾರದೆಂದು, "ಅಂಗಡಿಲಿರುತ್ತಲ್ಲ, ಅಂಥ ಗೊಂಬೆ ತರ್ತೀನಿ ಬಿಡೇ. ಅದಕ್ಕೆ ಉಡ್ಸಿ ತೋರ್ಸೋಣ" ಎಂದರು. ಆ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಗೊಂಬೆಯನ್ನು ನೆನೆದದ್ದೇ ತಡ, ನನಗೆ ಎಲ್ಲಿತ್ತೋ ರೋಷ! ಇಷ್ಟು ದಿನ ಕೋಣೆಯೊಳಗೆ ನಿಂತಿದ್ದದ್ದು ಇನ್ನೇನು, ಗೊಂಬೆಯೇ ಅಲ್ಲವೇ? "ಗೊಂಬೆನೂ ಬೇಡ, ಏನೂ ಬೇಡ. ನಾನೇ ನಿಂತ್ಕೋತೀನಿ. ಇಲ್ಲೇ, ಬಿಸಿಲಲ್ಲೇ" ಎಂದುಬಿಟ್ಟೆ. 

ಮರುದಿನ ಬೆಳಿಗ್ಗೆ ತಣ್ಣೀರಿನಲ್ಲಿ ಮುಖ ತೊಳೆದು, ಕುಂಕುಮ ಇಟ್ಟು, ಬದನೆಕಾಯಿ ಬಣ್ಣದ ಸೀರೆಯುಟ್ಟು ಹೊಸ್ತಿಲಲ್ಲಿ ನಿಂತೆ. ನಮ್ಮವರು ಫೋನು ಹಿಡಿದರು. ಜನ ಒಬ್ಬೊಬ್ಬರೇ ಬಂದು ಸೇರಿದರು. ಆಮೇಲೆ ಒಬ್ಬರು ಬರೆದರು: "ಅಕ್ಕಾ, ಹುಷಾರಿಲ್ವಾ?"

ನನಗೆ ತಡೆಯಲಾರದ ನಗು ಬಂತು. "ಹುಷಾರಾಗಿದೀನಿ ಕಣ್ರೀ! ಇದೇ ನನ್ನ ಮುಖ. ಇಷ್ಟು ದಿನ ತೋರ್ಸಿದ್ದು ಸುಳ್ಳು, ಅದ್ರಿಂದ ಸೀರೆ ಬಣ್ಣನೂ ಸುಳ್ಳಾಯ್ತು. ಇವತ್ತು ಎರಡೂ ನಿಜ. ನೋಡ್ಕೊಂಡು ತಗೊಳ್ಳಿ" ಎಂದೆ. ಒಬ್ಬಿಬ್ಬರು ನಗುವ ಮುಖ ಹಾಕಿ ಎದ್ದುಹೋದರು. ಹೋಗಲಿ ಬಿಡಿ ಎಂದುಕೊಂಡು ಸೆರಗನ್ನು ಬಿಸಿಲಿಗೆ ಇನ್ನಷ್ಟು ಹರವಿದೆ. ಆಗ ನಂದಗುಡಿಯವರೊಬ್ಬರು ಬರೆದರು: "ನಂದೂ ನಿಮ್ಮ ಬಣ್ಣಾನೇ ಅಕ್ಕ. ಈ ಕಲರ್ ನಮಗೆ ಒಪ್ಪಲ್ಲ ಅಂತಾರೆ. ಸೆರಗನ್ನ ಕೆನ್ನೆ ಹತ್ರ ಹಿಡೀರಿ, ನೋಡ್ತೀನಿ."

ನನ್ನ ಕೆನ್ನೆಯನ್ನು ನೋಡಬೇಕೆಂದು ಅದುವರೆಗೆ ಯಾರೂ ಕೇಳಿರಲಿಲ್ಲ. ಸೆರಗೆತ್ತಿ ಕೆನ್ನೆಗೆ ಒತ್ತಿ ಹಿಡಿದೆ. ನಮ್ಮವರು ಫೋನನ್ನು ಹತ್ತಿರ ತಂದರು. ಪರದೆಯಲ್ಲಿ ಕಂಡವಳನ್ನು ನಾನೇ ಬಗ್ಗಿ ಬಗ್ಗಿ ನೋಡಿದೆ. ಬಿಸಿಲಿಗೆ ನನ್ನ ಕಪ್ಪು ಮಿರಮಿರ ಮಿಂಚುತ್ತಿತ್ತು, ಅದರ ಪಕ್ಕದಲ್ಲಿ ಬದನೆಕಾಯಿ ಬಣ್ಣ ಆಗತಾನೆ ಗಿಡದಿಂದ ಕಿತ್ತಂತಿತ್ತು. ಗುಳಿಗಳೂ ಇದ್ದವು, ಎಲ್ಲಿಗೆ ಹೋಗುತ್ತವೆ? ಅಯ್ಯೋ, ನಾನು ಚೆನ್ನಾಗಿದ್ದೀನಿ! ಕುಣಿಯಬೇಕೆನ್ನಿಸಿತು ನನಗೆ, ನಿಜವಾಗಿ ಕುಣಿಯಬೇಕೆನ್ನಿಸಿತು.

"ನನಗೊಂದು ಎತ್ತಿಡಿ" ಎಂದರು ನಂದಗುಡಿಯವರು. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಕೆನ್ನೆ ಹತ್ರ ಹಿಡೀರಿ, ಕೈ ಮೇಲೆ ಹಾಕಿ ತೋರ್ಸಿ ಎಂದು ಎಲ್ಲರಿಗೂ ಬೇಡಿಕೆಯೇ. ಮಡಿಸಿಟ್ಟಿದ್ದ ಸೀರೆಗಳೆಲ್ಲ ಮುಗಿದ ಮೇಲೆ ಹೊಸಕೋಟೆಯಿಂದ ಒಬ್ಬರು ಬರೆದರು: "ನೀವು ಉಟ್ಟಿರೋದನ್ನೇ ಕೊಟ್ಬಿಡಿ, ಪರವಾಗಿಲ್ಲ."

ಗಿರಾಕಿಗೆ ಇಲ್ಲ ಎನ್ನುವುದು ನಮ್ಮ ಮನೆಯಲ್ಲಿ ಅಪಶಕುನ. ಅತ್ತೆಯ ಮುಖ ನೋಡಿದೆ. ಅವರು ನನ್ನ ನೆರಿಗೆ ಸರಿಮಾಡಲು ಬಗ್ಗಿದರು.

"ಇದು ಮಾರೋದಲ್ಲ ಕಣ್ರೀ" ಎಂದೆ. "ಇದು ನಂದು."