ಉದ್ದದ ಹಾಡಿನಿಂದಲೇ ಶುರು

ಭಾನುವಾರ, ಮಧ್ಯಾಹ್ನ ಮೂರು ಗಂಟೆ. ಕೊಟ್ಟಿಗೆಯಲ್ಲಿ ನಾನು, ನನ್ನ ಹೆಂಡತಿ, ಕರು ಹಾಕಲು ನೋವು ತಿನ್ನುತ್ತಿದ್ದ ಹಸು.

ಹಿಂದೆ ಇದೇ ಹಸುವಿನ ಚೊಚ್ಚಲ ಹೆರಿಗೆಗೆ ಬಣಕಲ್ಲಿನ ಪಶುವೈದ್ಯರು ಬಂದಿದ್ದರು. ಪರೀಕ್ಷಿಸಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಬಕೆಟ್ ಮಗುಚಿ ಕೂತರು. ಫೋನಿನಲ್ಲಿ ಹಾಡು ಹಾಕಿದರು. ಕಣಿವೆಯಿಂದ ಮಂಜು ಏರುವಂತೆ ಬರೀ ಗಿಟಾರಿನ ಗುಂಯ್ ಸದ್ದು.

“ಕಾಲು ಕಾಣ್ತಿದೆ, ಎಳೆಯೋಣ್ವಾ ಡಾಕ್ಟ್ರೇ?” ಎಂದೆ.

“ಅವಸರ ಬೇಡ ಮಾರಾಯ್ರೇ. ಕರು ಸರಿಯಾಗೇ ಇದೆ. ಹಾಡು ಕೇಳಿ.”

“ಇದೆಂಥ ಹಾಡು? ಇನ್ನೂ ಶುರುವೇ ಆಗ್ಲಿಲ್ಲ!”

“ಐಸ್‌ಲ್ಯಾಂಡಿನ ತಂಡದ್ದು. ಹೊಸಬರು ಈ ಉದ್ದದ ಹಾಡಿಂದ್ಲೇ ಶುರು ಮಾಡ್ಬೇಕು. ಕಾಯೋದು ಕಲಿತ್ರೆ ಉಳಿದದ್ದೆಲ್ಲ ಹಿಡಿಸುತ್ತೆ.”

ಡ್ರಮ್ಮು ಸೇರಿ ಹಾಡು ಉಕ್ಕುವಾಗ ಕರು ಜಾರಿ ಬಂತು. ಹುಲ್ಲಿನಿಂದ ಅದರ ಮೂಗು ಒರೆಸುತ್ತ ಅವರೂ ಗುನುಗಿದರು. ಹೊರಡುವ ಮುಂಚೆ ಹಾಡನ್ನು ನನ್ನ ಫೋನಿಗೂ ಹಾಕಿಕೊಟ್ಟರು.

ಆಮೇಲೆ ಅವರಿಗೆ ವರ್ಗವಾಯಿತು. ಹಳೆಯ ನಂಬರು ಈಗ ಚಾಲ್ತಿಯಲ್ಲಿಲ್ಲ.

ಈ ಭಾನುವಾರ ಹಾಡು ನಾನೇ ಹಾಕಿದೆ.

“ಗಡಿಯಾರ ನೋಡಿದ್ರೆ ಕರು ಬರುತ್ತಾ? ಅವಸರ ಬೇಡ ಮಾರಾಯ್ರೇ,” ಎಂದು ಹೆಂಡತಿ ಡಾಕ್ಟರ ದನಿಯಲ್ಲೇ ಅಣಕಿಸಿದಳು.

ಕರು ಬಂತು, ತಡವರಿಸಿ ಎದ್ದು ನಿಂತಿತು. ಡಾಕ್ಟರಿಗೆ ಹೇಳಬೇಕೆನಿಸಿತು. ಕೊಟ್ಟಿಗೆ ತೊಳೆದೆ. ಕೊನೆಗೆ ಬಕೆಟ್ಟನ್ನೂ ತೊಳೆದು, ಅವರು ಕೂತಿದ್ದ ಜಾಗದಲ್ಲೇ ಮಗುಚಿಟ್ಟೆ.