ಖಾಕಿ ಕೋಟಿನ ಅಸ್ತರು

ಪುಣೆಯ ದಂಡು ಪ್ರದೇಶವಾದ ಕ್ಯಾಂಪಿನ ಹಳೇ ಬಟ್ಟೆ ಅಂಗಡಿಯೊಂದರಲ್ಲಿ ನನ್ನ ಈ ಹುಚ್ಚು ಶುರುವಾಯಿತು. ಮೊಮ್ಮಗಳ ಶಾಲೆಯ ನಾಟಕಕ್ಕೆ ಸಿಪಾಯಿಯ ಅಂಗಿ ಹುಡುಕುತ್ತ ಹೋಗಿದ್ದೆ. ಅಂಗಡಿಯವ ಒಂದು ಖಾಕಿ ಜಾಕೀಟು ತೆಗೆದು, ಯುದ್ಧದ ಕಾಲದ್ದು, ಯಾವನೋ ಸೈನಿಕನದು ಅಂದ. ಕೈಯಲ್ಲಿ ಹಿಡಿದು ನೋಡಿದರೆ ಗುಂಡಿಗಳು ಹೆಣ್ಣುಮಕ್ಕಳ ಅಂಗಿಗಿರುವಂತೆ ಎಡಗಡೆಗಿದ್ದವು. ಸೊಂಟದ ಹತ್ತಿರ ಯಾರೋ ಸೂಜಿಯಿಂದ ಒಳಗೆ ಹಿಡಿದು ಸಣ್ಣ ಮಾಡಿದ್ದರು. ಅಪ್ಪ ಬಾಗಲಕೋಟೆಯಿಂದ ಬಂದು ಇಲ್ಲಿಯ ಬಟ್ಟೆ ಅಂಗಡಿಯಲ್ಲಿ ಗುಮಾಸ್ತರಾಗಿದ್ದವರು. ಬಟ್ಟೆ ಮುಟ್ಟಿ ನೋಡುವುದನ್ನು ನಾನು ಅವರಿಂದಲೇ ಕಲಿತದ್ದು. ಇದನ್ನು ತೊಟ್ಟವಳು ನನ್ನಷ್ಟೇ ಗಿಡ್ಡ ಇದ್ದಳು ಅನ್ನಿಸಿ ಅದನ್ನು ಬಿಟ್ಟು ಬರಲಾಗಲಿಲ್ಲ.

ಆಮೇಲೆ ಹುಡುಕುವುದೇ ಆಯಿತು. ಎರಡನೇ ಮಹಾಯುದ್ಧದಲ್ಲಿ ಸೈನ್ಯದ ಕಚೇರಿಗಳಲ್ಲಿದ್ದ ಹೆಣ್ಣುಮಕ್ಕಳ ಖಾಕಿ ಸೀರೆ ಎರಡು ಸಿಕ್ಕವು. ನರ್ಸೊಬ್ಬಳ ಬೂದು ಬಣ್ಣದ ಹೊದಿಕೆ ಸಿಕ್ಕಿತು. ಎಪ್ಪತ್ತೊಂದರ ಯುದ್ಧದಲ್ಲಿ ಮನೆಮನೆಗೆ ಹೋಗಿ ದೀಪ ಆರಿಸಿರಿ ಎಂದು ಹೇಳುತ್ತಿದ್ದ ಶಾಲಾ ಶಿಕ್ಷಕಿಯ ತೋಳುಪಟ್ಟಿಯನ್ನು ಆಕೆಯ ಸೊಸೆಯೇ ಕೊಟ್ಟಳು.

“ಯಾರ್‍ಯಾರೋ ಉಟ್ಟದ್ದು ಮನ್ಯಾಗ ಯಾಕ?” ಎಂದು ನನ್ನ ಗಂಡ ಒಮ್ಮೆ ಕೇಳಿದರು. ಸುಮ್ಮನೆ ಬಿಟ್ಟರೆ ಮಣ್ಣುಪಾಲಾಗತಾವ, ಎಂದೆ. ಕಪಾಟಿನ ಕೆಳಗಿನ ಖಾನೆ ಖಾಲಿ ಮಾಡಿಕೊಟ್ಟರು.

ಐದಾರು ವರ್ಷದ ಹಿಂದೆ ಅದೇ ಅಂಗಡಿಯವ, ಹಿಂದಿನ ಗಲ್ಲಿಯಲ್ಲಿ ಒಬ್ಬ ಮುದುಕಿಯ ಹತ್ತಿರ ಆಕೆಯದೇ ಕೋಟು ಅದೆ ಎಂದು ಹೇಳಿದ. ನಾನು ಹೋಗಿ ಬಾಗಿಲು ತಟ್ಟಿದೆ. “ಬಿಸಲಾಗ ಯಾರ್ ಬಂದಾರೋ ಏನೋ,” ಎಂದು ಒಳಗಿನಿಂದ ಕನ್ನಡ ಕೇಳಿಸಿತು. ಬಾಗಿಲು ತೆಗೆದವಳು ಅಲ್ಲಿಯೇ ಇದ್ದು ಮುದುಕಿಯನ್ನು ನೋಡಿಕೊಳ್ಳುವ ಹೆಂಗಸು, ಯಾದಗಿರಿ ಕಡೆಯವಳು. ನಾನೂ ಕನ್ನಡದಲ್ಲೇ ಮಾತಾಡಿದ್ದಕ್ಕೆ ಆಕೆಗೆ ಎಷ್ಟು ಸಂತೋಷವಾಯಿತೆಂದರೆ, ಬಂದ ಕಾರಣ ಕೇಳುವ ಮೊದಲೇ ಚಹಾಕ್ಕೆ ಇಟ್ಟಳು.

ಮುದುಕಿಗೆ ತೊಂಬತ್ತೈದು ದಾಟಿತ್ತು. ಕ್ಯಾಂಪಿನಲ್ಲೇ ಹುಟ್ಟಿ ಬೆಳೆದ ಕ್ರಿಶ್ಚಿಯನ್ ಹೆಂಗಸು, ಮದುವೆಯಾದವಳಲ್ಲ. ಹದಿನೆಂಟು ತುಂಬುತ್ತಲೇ ಸೈನ್ಯದ ಟೆಲಿಫೋನ್ ಆಫೀಸು ಸೇರಿದ್ದಳಂತೆ. ಕಿವಿಗೆ ಯಂತ್ರ ಹಾಕಿಕೊಂಡು ಒಬ್ಬರ ತಂತಿ ಇನ್ನೊಬ್ಬರಿಗೆ ಜೋಡಿಸುವ ಕೆಲಸ. ಅವಳ ಅಪ್ಪ ಒಂದು ತಿಂಗಳು ಅವಳೊಡನೆ ಮಾತು ಬಿಟ್ಟಿದ್ದನಂತೆ.

“ದೊಡ್ಡ ದೊಡ್ಡ ಸಾಹೇಬರಿಗೆ ‘ಸ್ವಲ್ಪ ತಡೀರಿ’ ಅಂತಿದ್ದೆ. ತಡೀತಿದ್ದರು,” ಎಂದು ಹಿಂದಿಯಲ್ಲಿ ಹೇಳಿ ನಕ್ಕಳು. “ಆಮೇಲೆ ಯಾವ ಗಂಡಸೂ ನನಗಾಗಿ ತಡೆಯಲಿಲ್ಲ.”

ಆ ಕೋಟು ನಾನು ಅದುವರೆಗೆ ಕಂಡವುಗಳಲ್ಲೆಲ್ಲ ಚಂದದ್ದು. ಹಿತ್ತಾಳೆ ಗುಂಡಿ ಎಲ್ಲ ಹಾಗೇ ಇದ್ದವು. ಕಾಲರಿನ ಒಳಗೆ ಶಾಯಿಯಲ್ಲಿ ಹಾಕಿದ ನಂಬರು ಇನ್ನೂ ಓದಲಿಕ್ಕೆ ಬರುತ್ತಿತ್ತು. ಕೊಡುತ್ತೀರಾ ಎಂದು ನಾನು ಕೇಳಲಿಲ್ಲ, ಕೇಳದೆ ಒಂದು ವರ್ಷ ಪ್ರತಿ ಆಯಿತವಾರ ಹೋಗಿ ಕೂತು ಬಂದೆ. ಅವಳ ಮೇಲಿನ ಪ್ರೀತಿಗೆ ಹೋಗುತ್ತಿದ್ದೆನೋ ಕೋಟಿನ ಮೇಲಿನ ಆಸೆಗೋ, ಈಗ ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ಜೂನ್ ತಿಂಗಳ ಒಂದು ದಿನ ಅವಳೇ ಕೋಟು ತರಿಸಿ ನನ್ನ ತೊಡೆಯ ಮೇಲೆ ಇಡಿಸಿದಳು. ಕಂಕುಳ ಹತ್ತಿರ ಒಳಗಿನ ಅಸ್ತರು ಗೇಣುದ್ದ ಹರಿದಿತ್ತು.

“ನಿನ್ನ ಕೈಹೊಲಿಗೆ ಚೆನ್ನಾಗಿದೆಯಂತೆ. ಇದನ್ನು ಹೊಲಿದುಕೊಡು. ಹರಿದ ಕೋಟಿನಲ್ಲಿ ನಾನು ಹೋಗುವುದಿಲ್ಲ.”

“ಎಲ್ಲಿಗೆ ಹೋಗ್ತೀರಿ?” ಎಂದು ಕೇಳಿಬಿಟ್ಟೆ.

ಅವಳು ನನ್ನ ಮುಖ ನೋಡಿದಳು. ಹಿಂದೆ ನಿಂತಿದ್ದ ಯಾದಗಿರಿಯವಳು ಮೆಲ್ಲಗೆ, “ಪೆಟ್ಟಿಗ್ಯಾಗ ಮಲಗಸೋ ಮುಂದ ಇದನ್ನ ಹಾಕ್ಬೇಕಂತ್ರೀ,” ಅಂದಳು.

ಎರಡು ದಿನದಲ್ಲಿ ಹೊಲಿದು ಕೊಡುತ್ತೇನೆಂದು ಹೇಳಿ ಮನೆಗೆ ತಂದೆ. ಐದು ವಾರ ಇಟ್ಟುಕೊಂಡೆ. ಬೇಕಂತಲೇ ಇಟ್ಟುಕೊಂಡೆನೆಂದು ಆಗ ನಾನೇ ಒಪ್ಪಿಕೊಂಡಿರಲಿಲ್ಲ. ಅದೇ ಬಣ್ಣದ ದಾರ ಸಿಗಲಿಲ್ಲ ಅಂದುಕೊಂಡೆ. ಫೋಟೋ ತೆಗೆಯಬೇಕು, ಅಳತೆ ಬರೆದುಕೊಳ್ಳಬೇಕು ಅಂದುಕೊಂಡೆ. ಕೋಟನ್ನು ಹಾಸಿಗೆಯ ಮೇಲೆ ಹಾಸಿ ನೋಡಿದಾಗಲೆಲ್ಲ, ಇಂಥದ್ದನ್ನು ಮಣ್ಣಿಗೆ ಹಾಕುವುದೇ ಎಂದು ಮತ್ತೆ ಮಡಚಿ ಕಪಾಟಿನಲ್ಲಿಡುತ್ತಿದ್ದೆ. ಬರಿಗೈಯಲ್ಲಿ ಹೋಗಲು ಮುಖವಿಲ್ಲದೆ ಆಯಿತವಾರದ ಭೇಟಿಯನ್ನೂ ತಪ್ಪಿಸಿದೆ. ಯಾದಗಿರಿಯವಳು ಫೋನ್ ಮಾಡಿದರೆ “ಮುಂದಿನ ವಾರ ಬರ್ತೀನವ್ವಾ” ಅನ್ನುತ್ತಿದ್ದೆ.

ಐದನೇ ವಾರ ಕೋಟನ್ನು ಚೀಲದಲ್ಲಿಟ್ಟುಕೊಂಡು ಲೋಣಾವಳಾಕ್ಕೆ ಹೋದೆ. ಅಲ್ಲಿ ಗುಂಡಿ, ಬಿಲ್ಲೆಗಳನ್ನು ನೋಡಿ ಯಾವ ಕಾಲದವೆಂದು ಹೇಳುವ ನಿವೃತ್ತ ಸೈನ್ಯಾಧಿಕಾರಿಯೊಬ್ಬರಿದ್ದರು. ಅವರು ಭೂತಗನ್ನಡಿ ಹಿಡಿದು ಒಂದೊಂದೇ ಗುಂಡಿ ನೋಡುತ್ತಿದ್ದಾಗ ಯಾದಗಿರಿಯವಳ ಫೋನ್ ಬಂತು.

“ಅಜ್ಜಿ ಹೋದ್ರು ಅಕ್ಕಾರ. ಮುಂಜಾನಿ ಚಹಾ ಕೊಡಾಕ ಹೋದ್ರ ಏಳಲಿಲ್ಲ. ಮುಂಬೈಯಿಂದ ಅವರ ತಮ್ಮನ ಮಗ ಬರಾಕ ಹತ್ಯಾರ. ನಾಕಕ್ಕ ಒಯ್ತಾರಂತ. ಕೋಟು ತರ್ರಿ, ಲಗೂನ ತರ್ರಿ.”

ಆಗ ಹನ್ನೊಂದು ಗಂಟೆ. ಹೊರಗೆ ಹಿಡಿದ ಮಳೆ ಬಿಟ್ಟಿರಲಿಲ್ಲ. ಸ್ಟೇಶನ್ನಿನಲ್ಲಿ ಎರಡು ತಾಸು ಕಾದ ಮೇಲೆ ಪುಣೆಗೆ ಒಂದು ಲೋಕಲ್ ರೈಲು ಹೊರಟಿತು. ದೇಹೂ ರೋಡ್ ದಾಟಿ ಸ್ವಲ್ಪ ದೂರ ಬಂದು, ಮುಂದೆ ಹಳಿ ಮೇಲೆ ನೀರು ಅದೆಯೆಂದು ನಿಂತುಬಿಟ್ಟಿತು. ಇಳಿದು ಓಡಿದರೂ ಎಲ್ಲಿಗೆ ಓಡಲಿ? ಬ್ಯಾಗಿನಿಂದ ಸೂಜಿದಾರ ತೆಗೆದು, ನಿಂತ ಗಾಡಿಯಲ್ಲೇ ಅಸ್ತರು ಹೊಲಿದೆ. ಎದುರಿನ ಸೀಟಿನವಳು ಕೂಸಿಗೆ ಹಾಲು ಕುಡಿಸುತ್ತ ನನ್ನ ಸೂಜಿಯನ್ನೇ ನೋಡುತ್ತಿದ್ದಳು. ಹೊಲಿಯಲು ಅರ್ಧ ತಾಸೂ ಹಿಡಿಯಲಿಲ್ಲ. ಮುಗಿಸಿದ ಮೇಲೂ ಗಾಡಿ ಅಲ್ಲೇ ನಿಂತಿತ್ತು.

ಸ್ಮಶಾನಕ್ಕೆ ಮುಟ್ಟಿದಾಗ ನಾಲ್ಕೂವರೆ. ಪೆಟ್ಟಿಗೆಯನ್ನು ಇನ್ನೂ ಇಳಿಸಿರಲಿಲ್ಲ, ಆದರೆ ಮುಚ್ಚಳ ಬಿಗಿದಾಗಿತ್ತು. ಏಳೆಂಟು ಜನ ಕೊಡೆ ಹಿಡಿದು ನಿಂತಿದ್ದರು. ಅವಳ ತಮ್ಮನ ಮಗನೂ ಅರವತ್ತರ ಗಂಡಸು. ಚೀಲ ತೆರೆದು ಕೋಟು ತೋರಿಸಿ, ಅವಳ ಆಸೆ ಹೀಗಿತ್ತು ಎಂದು ಹೇಳಿದೆ. ಹೇಳುವಾಗ ನನ್ನ ಹಿಂದಿ ತಪ್ಪಿತಪ್ಪಿ ಹೋಯಿತು.

“ನನ್ನ ಮುಂದೆ ಎಂದೂ ಹೇಳಿಲ್ಲವಲ್ಲ,” ಅಂದ ಅವನು.

“ನನ್ ಮುಂದ ಹೇಳ್ಯಾರ್ರಿ,” ಎಂದು ಯಾದಗಿರಿಯವಳು ಹಿಂದಿನಿಂದ ಕೂಗಿದಳು. ಗಡಬಡಿಯಲ್ಲಿ ಕನ್ನಡದಲ್ಲೇ ಕೂಗಿದ್ದಳು. ಮತ್ತೆ ಹಿಂದಿಯಲ್ಲಿ ಹೇಳಿದಳು. ಅವನು ಅವಳ ಕಡೆ ತಿರುಗಲಿಲ್ಲ.

ನನ್ನ ಜೊತೆ ಮಾತ್ರ ಬಹಳ ಸಮಾಧಾನದಿಂದ ಮಾತಾಡಿದ. ಚರ್ಚಿಗೆ ಹೋಗುವ ಒಳ್ಳೆಯ ಬಟ್ಟೆ ಹಾಕಿದ್ದೇವೆ, ಪಾದ್ರಿಗಳು ಆಗಿನಿಂದ ಮಳೆಯಲ್ಲಿ ನಿಂತಿದ್ದಾರೆ, ಈಗ ಮತ್ತೆ ತೆಗೆಸುವುದು ಸರಿಯಲ್ಲ ಅಂದ. ಆಮೇಲೆ ಕೋಟಿನ ತೋಳನ್ನು ಬೆರಳಿನಿಂದ ಮುಟ್ಟಿ, “ಇಂಥದ್ದನ್ನು ಯಾಕೆ ಮಣ್ಣಿಗೆ ಹಾಕಬೇಕು ಹೇಳಿ? ನೀವು ಜೋಪಾನ ಮಾಡ್ತೀರಂತೆ, ಅತ್ತೆ ಹೇಳುತ್ತಿದ್ದಳು. ನಿಮ್ಮ ಹತ್ತಿರವೇ ಇರಲಿ,” ಅಂದ.

ಐದು ವಾರ ನಾನು ನನಗೇ ಹೇಳಿಕೊಂಡ ಮಾತು ಅದು. ಹಗ್ಗ ಹಿಡಿದವರು ಪೆಟ್ಟಿಗೆ ಇಳಿಸಲು ಶುರುಮಾಡಿದರು. ಕೋಟು ತೊಯ್ಯಬಾರದೆಂದು ನನ್ನ ಕೈ ತಾನಾಗಿಯೇ ಅದನ್ನು ಚೀಲದೊಳಗೆ ತುರುಕಿತು. ಆ ಕೈಯ ಮೇಲೆ ನನಗೆ ಈಗಲೂ ಸಿಟ್ಟಿದೆ.

ಎಲ್ಲರೂ ಹೋದ ಮೇಲೆ ಗೇಟಿನ ಹತ್ತಿರ ಯಾದಗಿರಿಯವಳು ನಿಂತಿದ್ದಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ.

“ಪ್ರತಿ ಆಯಿತವಾರ ಕೇಳ್ತಿದ್ರು, ಮುಗೀತೇನು ಅಂತ. ಈ ವಾರ ಬರ್ತಾರಜ್ಜಿ ಅಂತ ನಾನೇ ಹೇಳ್ಕೋತ ಬಂದೆ,” ಅಂದಳು. ಆಮೇಲೆ ಕೇಳಿದಳು, “ಸೋಮವಾರದೊಳಗ ಖೋಲಿ ಖಾಲಿ ಮಾಡಂದಾರ್ರಿ. ಎಲ್ಲೆರ ಮುದುಕರನ್ನ ನೋಡ್ಕೊಳ್ಳೋ ಕೆಲಸ ಇದ್ರ ಹೇಳ್ರಿ. ಕಟ್ಟಡದ ಕೆಲಸಕ್ಕ ಈಗ ನನ್ನ ಸೊಂಟ ನಡಿಯೂದಿಲ್ಲ.”

ಕೇಳಿನೋಡುತ್ತೇನೆ ಅಂದೆ. ಕೇಳಿದೆ ಕೂಡ, ಎಂಟು ದಿನ, ಗೊತ್ತಿದ್ದ ಮನೆಗಳಲ್ಲೆಲ್ಲ. ಕೊನೆಗೆ ನಮ್ಮ ಓಣಿಯಲ್ಲೇ ಒಬ್ಬರು ಕಳಿಸಿರಿ ಅಂದರು. ಖುಷಿಯಿಂದ ಫೋನ್ ಹಚ್ಚಿದರೆ ಅವಳ ನಂಬರು ಬಂದ್ ಆಗಿತ್ತು. ಗಲ್ಲಿಗೆ ಹೋಗಿ ಕೇಳಿದೆ. ತನ್ನ ಗಂಟು ಹೊತ್ತುಕೊಂಡು ಮೊನ್ನೆ ಸೋಮವಾರವೇ ಹೋದಳು, ಯಾವ ಕಡೆಗೆಂದು ಹೇಳಲಿಲ್ಲ ಅಂದರು.